ಕಡಲಿಲ್ಲದ ನಾಡಿನ ಸಾಗರಗಳು: ಕೋಲಾರ ಸೀಮೆಯಲ್ಲಿ ಸಮುದ್ರ ಮತ್ತು ಶುದ್ಧಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲಿನಲ್ಲಿ ಕಡಲು ಸಿಗುವುದು ಎರಡೇ ಕಡೆ: ಪೂಜೆಯ ಕಲಶದಲ್ಲಿ, ಕೆರೆಗಳ ಹೆಸರಿನಲ್ಲಿ. ಕಲಶದ ಹೊಟ್ಟೆಯಲ್ಲಿ ಸಾಗರಗಳೆಲ್ಲ ನೆಲೆಸಿವೆ ಎನ್ನುತ್ತದೆ ಕಲಶಪೂಜೆಯ ಮಂತ್ರ. ಬಳಿಕ ಗಂಗೆಯಿಂದ ಕಾವೇರಿಯವರೆಗೆ ಏಳು ನದಿಗಳನ್ನು ಕರೆಯುತ್ತಾರೆ. ಇವೆರಡೂ ಒಂದೇ ಬಗೆಯ ಆವಾಹನೆ ಎಂದು ನಂಬಿದವರೇ ಹೆಚ್ಚು. ನನಗೆ ಹಾಗೆ ತೋರುವುದಿಲ್ಲ. ಸಮುದ್ರವನ್ನು ನೆನೆಯುವುದು ತುಂಬುವಿಕೆಗಾಗಿ, ನದಿಯನ್ನು ಕರೆಯುವುದು ಶುದ್ಧಿಗಾಗಿ. ಈ ಭೇದ ಕೋಲಾರ ಸೀಮೆಯಲ್ಲಿ ಕಂಡಷ್ಟು ನಿಚ್ಚಳವಾಗಿ ಕರಾವಳಿಯಲ್ಲೂ ಕಾಣಲಾರದು.

ಶಾಸ್ತ್ರಕ್ಕೆ ಕಡಲಿನ ಬಗ್ಗೆ ಭಕ್ತಿಯಷ್ಟೇ ಅಳುಕೂ ಇದೆ. ಅರಳಿಮರವನ್ನೂ ಸಾಗರವನ್ನೂ ಪೂಜಿಸಬೇಕು, ಬೇಕೆಂದಾಗ ಮುಟ್ಟಬಾರದು. ಮರವನ್ನು ಶನಿವಾರ, ಸಾಗರವನ್ನು ಪರ್ವದಿನ ಮಾತ್ರ ಎಂಬುದು ಹಳೆಯ ಕಟ್ಟಳೆ. ಮಹಾಭಾರತದ ವನಪರ್ವದಲ್ಲಂತೂ ಅಗಸ್ತ್ಯರು ಕುಡಿದು ಬರಿದು ಮಾಡಿದ ಕಡಲು ಮತ್ತೆ ತುಂಬುವುದು ಭಗೀರಥ ತಂದ ಗಂಗೆಯಿಂದ. ಕಡಲಿಗೂ ಪಾವಿತ್ರ್ಯ ಸಾಲ ಬಂದದ್ದೇ!

ಇಲ್ಲಿನ ತೀರ್ಥಗಳನ್ನು ನೋಡಿ. ಕೋಲಾರದ ಶತಶೃಂಗ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರು ಅಂತರಗಂಗೆ. ಅಲ್ಲಿರುವುದು ಕಾಶಿ ವಿಶ್ವೇಶ್ವರನ ಗುಡಿ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ 15ನೇ ಶತಮಾನದ ಹರಿದಾಸ ಯತಿ ಶ್ರೀಪಾದರಾಜರ ವೃಂದಾವನವಿದೆ. ಅವರಿಗಾಗಿ ಗಂಗೆಯೇ ಅಲ್ಲಿಗೆ ಬಂದಳೆಂಬುದು ಮಠದ ನಂಬಿಕೆ. ಎರಡು ಕಡೆಯೂ ಬಂದವಳು ಗಂಗೆ; ಸಮುದ್ರರಾಜ ಬಂದ ಕಥೆಯಿಲ್ಲ.

ಸಮುದ್ರ ಬಂದದ್ದು ಕೆರೆಗೆ. ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳೆಂಬ ಏಳು ಪುಣ್ಯಸಾಧನೆಗಳಲ್ಲಿ ಒಂದೆಂದು ಎಣಿಸಿದ ಕಾಲದಲ್ಲಿ, ಕಟ್ಟಿಸಿದವರ ಪುಣ್ಯ ಹೆಸರಿನಲ್ಲೂ ಹಿಗ್ಗಿತು. ಶ್ರೀಪಾದರಾಜರ ಶಿಷ್ಯ ವ್ಯಾಸರಾಯರು ಶ್ರೀನಿವಾಸಪುರದಾಚೆಯ ಮದನಪಲ್ಲಿ ಸೀಮೆಯಲ್ಲಿ ಕಟ್ಟಿಸಿದ ಕೆರೆ ವ್ಯಾಸಸಮುದ್ರ. ಕೋಲಾರದ ಬಳಿ ಸೋಮಾಂಬುಧಿ ಅಗ್ರಹಾರವಿದೆ, ಲಕ್ಷ್ಮೀಸಾಗರವಿದೆ. ಮಳೆಯನ್ನೇ ನೆಚ್ಚಿದ ರೈತನಿಗೆ ಈ ಹೆಸರುಗಳಲ್ಲಿ ಬೇಕಾದದ್ದು ಪಾಪನಾಶವಲ್ಲ, ಕೋಡಿ ಹರಿಯುವಷ್ಟು ನೀರು.

ಸಾಹಿತ್ಯದಲ್ಲೂ ಹೀಗೆಯೇ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ (1943) ಕಡಲು ತೆರೆಗಳನ್ನೆಲ್ಲ ಒಳಗೊಂಡ ಅಖಂಡತೆ; ಕೊಳೆ ತೊಳೆಯುವ ನೀರಲ್ಲ.

ಹೆಸರಿಗೂ ನೀರಿಗೂ ಮುಖಾಮುಖಿಯಾದದ್ದು ಇತ್ತೀಚೆಗೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ: ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರು, ಎರಡು ಹಂತ ಸಂಸ್ಕರಿಸಿದ್ದು. ಮರುತಿಂಗಳೇ ನೊರೆ ಕಾಣಿಸಿಕೊಂಡು ವಿವಾದ ಹೈಕೋರ್ಟ್ ಮೆಟ್ಟಿಲೇರಿತು, ನೀರು ನಿಂತಿತು. ಆಮೇಲೆ ನೀರು ಮತ್ತೆ ಹರಿದು ಕೆರೆಗಳು ಒಂದೊಂದಾಗಿ ತುಂಬಿದವು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದದ್ದನ್ನು ಅಲ್ಲಗಳೆಯಲಾಗದು. ಕೆರೆಗೆ ಬಿಡುವ ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕುಡಿಯಲು ಅಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಆದರೆ ಕೊಳವೆಬಾವಿಯ ನೀರನ್ನೇ ಕುಡಿಯುವ ಹಳ್ಳಿಗಳಿಗೆ ಆ ಗೆರೆ ಎಳೆಯುವುದು ಹೇಗೆ? ಮೂರನೇ ಹಂತದ ಸಂಸ್ಕರಣೆ ಬೇಕೆಂದು ಇಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಕೆರೆ ತುಂಬಿತೆಂಬ ಕಾರಣಕ್ಕೆ ಅದನ್ನು ಶುದ್ಧವೆಂದು ಒಪ್ಪಿಕೊಳ್ಳುವ ವಾಡಿಕೆ ಈ ಸೀಮೆಯಲ್ಲಿ ಹಿಂದೆಯೂ ಇರಲಿಲ್ಲ. ಅವರ ಬೇಡಿಕೆಯನ್ನು ಸರ್ಕಾರ ಈಡೇರಿಸಲೇಬೇಕು.