ಪೆಟ್ರೋಲ್ ಜೀಪು ಡೀಸೆಲ್ಲಿಗೆ ತಿರುಗಿದ್ದು

ಮಳೆಗಾಲದಲ್ಲಿ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಹೋದವರು ಇದನ್ನು ಕಂಡೇ ಇರುತ್ತಾರೆ. ಟಾರು ರಸ್ತೆ ಮುಗಿದು ಕೆಮ್ಮಣ್ಣಿನ ಏರು ಶುರುವಾಗುವಲ್ಲಿ ಬಸ್ಸು ನಿಲ್ಲುತ್ತದೆ, ಕಾರು ಹಿಂದಕ್ಕೆ ತಿರುಗುತ್ತದೆ. ಬಣ್ಣ ಮಾಸಿದ ಒಂದು ಪಿಕಪ್ ಜೀಪು ಮಾತ್ರ ಹಿಂದೆ ಗೊಬ್ಬರದ ಮೂಟೆ, ಮೂಟೆಯ ಮೇಲೆ ನಾಲ್ಕಾರು ಜನರನ್ನು ಹೇರಿಕೊಂಡು ಕಪ್ಪು ಹೊಗೆ ಬಿಡುತ್ತ ಏರಿ ಹೋಗುತ್ತದೆ. ಅದರ ಆರ್.ಸಿ. ಪುಸ್ತಕ ತೆರೆದರೆ ತಯಾರಾದ ವರ್ಷ 1960ರ ದಶಕದ್ದಿರಬಹುದು. ಬಾನೆಟ್ ತೆರೆದರೆ ಕಾಣುವ ಎಂಜಿನ್ ಆ ವರ್ಷದ್ದಲ್ಲ; ಎಷ್ಟೋ ಸಲ ಆ ಕಂಪನಿಯದ್ದೂ ಅಲ್ಲ. ಪೆಟ್ರೋಲಿಗೆಂದು ಹುಟ್ಟಿದ ಗಾಡಿ ನಡುವಯಸ್ಸಿನಲ್ಲಿ ಡೀಸೆಲ್ಲಿಗೆ ತಿರುಗಿದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ ಎಂಬುದು ಎಲ್ಲರಿಗೂ ತಿಳಿದದ್ದೇ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಹಗುರ ವಾಹನ ಬೇಕೆಂದು ಕೇಳಿದಾಗ ಮೊದಲ ಮಾದರಿ ಮಾಡಿ ಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಹೆಸರು ಮತ್ತು ಲಾಭ ಎರಡೂ ವಿಲ್ಲೀಸ್ ಕಂಪನಿಗೆ ಹೋದವು. ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು.

ನಮ್ಮಲ್ಲಿ ಇದರ ಕಥೆ ಲೂಧಿಯಾನದಲ್ಲಿ 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯದು. ಪಾಲುದಾರ ಗುಲಾಮ್ ಮೊಹಮ್ಮದ್ ದೇಶವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. 1947ರಲ್ಲಿ ಬಿಡಿಭಾಗಗಳಾಗಿ ಬಂದ 75 ಜೀಪುಗಳೇ ಅವರ ಮೊದಲ ಕಂತು. ಅದರ ಮರುವರ್ಷವೇ ಲಂಡನ್ನಿನ ಹೈಕಮಿಷನರ್ ಕಚೇರಿಯ ಮೂಲಕ 2,000 ರಿಪೇರಿ ಮಾಡಿದ ಜೀಪುಗಳಿಗೆ ಸರ್ಕಾರ ಆರ್ಡರ್ ಕೊಟ್ಟು, ಬಂದ 155 ಜೀಪುಗಳು ಕೆಲಸಕ್ಕೆ ಬಾರದವೆಂದು ಗೊತ್ತಾಗಿ ದೊಡ್ಡ ಗದ್ದಲವಾಯಿತು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಕರೆಸಿಕೊಂಡದ್ದು ಹಳೆಯ ಜೀಪಿನ ರಿಪೇರಿಯ ಹಗರಣ!

ಆ ಕಾಲದ ಜೀಪುಗಳೆಲ್ಲ ಪೆಟ್ರೋಲಿನವು. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಪೆಟ್ರೋಲ್ ಅಗ್ಗವಿದ್ದಾಗ ಅದು ಎಷ್ಟು ಕುಡಿಯುತ್ತದೆಂದು ಎಸ್ಟೇಟಿನವರು ಲೆಕ್ಕ ಇಡುತ್ತಿರಲಿಲ್ಲ. 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧ ಆ ಲೆಕ್ಕ ತೆರೆಸಿತು. ಬ್ಯಾರಲ್ಲಿಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಬಂತು. ಲಾರಿ, ಬಸ್ಸು, ಪಂಪ್‌ಸೆಟ್ಟುಗಳ ಇಂಧನವೆಂದು ಸರ್ಕಾರ ಡೀಸೆಲ್ ಬೆಲೆಯನ್ನು ತಗ್ಗಿಸಿಯೇ ಇಟ್ಟಿತ್ತು. ಡೀಸೆಲ್ ಬೆಲೆಯ ಮೇಲಿನ ಆ ಹಿಡಿತ ಪೂರ್ತಿ ಸಡಿಲವಾದದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ನಾಲ್ಕು ದಶಕಗಳೇ ನಮ್ಮ ಜೀಪುಗಳ ಹೊಟ್ಟೆ ಬದಲಾದ ಕಾಲ.

ಮಲೆನಾಡಿಗೆ ಇನ್ನೊಂದು ಕಾರಣವೂ ಇತ್ತು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು; ಕಿಡಿಗೆ ಡಿಸ್ಟ್ರಿಬ್ಯೂಟರ್, ಕಾಯಿಲ್, ವೈರು ಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಹಳ್ಳ ದಾಟುವಾಗ ಫ್ಯಾನು ಎರಚಿದ ನೀರು ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಹೋದರೆ ಗಾಡಿ ಅಲ್ಲೇ ನಿಂತಿತು. ಇಳಿದು, ಮುಚ್ಚಳ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಬೇಕು. ಆ ಮಳೆಯಲ್ಲಿ ಒಣ ಬಟ್ಟೆ ಎಲ್ಲಿಂದ ತರುವುದು? ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಒತ್ತಿದಾಗ ಹುಟ್ಟುವ ಕಾವಿಗೇ ಅದು ಹೊತ್ತಿಕೊಳ್ಳುತ್ತದೆ. ಹಳ್ಳದ ನಡುವೆಯೂ ಅದರ ಗುಡುಗುಡು ನಿಲ್ಲುವುದಿಲ್ಲ.

ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದೆಂದರೆ ನಾಲ್ಕು ಬೋಲ್ಟಿನ ಕೆಲಸವಲ್ಲ. ಗ್ಯಾರೇಜುಗಳು ಸಿಕ್ಕಿದ್ದನ್ನು ಹಾಕಿದವು. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪರವಾನಗಿಯಲ್ಲಿ ಮಾಡುತ್ತಿದ್ದ ಎಂಜಿನ್, ಟ್ರ್ಯಾಕ್ಟರಿನ ಎಂಜಿನ್, ಗುಜರಿಗೆ ಬಂದ ಮ್ಯಾಟಡೋರ್ ವ್ಯಾನಿನ ಎಂಜಿನ್, ಹೀಗೆ. ಬೇರೆ ಕಂಪನಿಯ ಎಂಜಿನ್ನಿನ ಬೋಲ್ಟುಗಳು ಜೀಪಿನ ಗೇರ್‌ಬಾಕ್ಸಿನ ತೂತುಗಳಿಗೆ ಕೂರುವುದಿಲ್ಲ. ನಡುವೆ ದಪ್ಪನೆಯ ಒಂದು ಉಕ್ಕಿನ ತಟ್ಟೆ ಕೊರೆಸಬೇಕು. ಎರಡರ ಶಾಫ್ಟುಗಳು ಕೂದಲೆಳೆ ಆಚೀಚೆಯಾದರೂ ಕ್ಲಚ್ ಪ್ಲೇಟು ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಇಡೀ ಪರಿವರ್ತನೆಯ ಹಣೆಬರಹ ಬರೆಯುತ್ತಿದ್ದವನು ಲೇತಿನ ಮುಂದೆ ನಿಂತ ಟರ್ನರ್ ಎಂದರೆ ಉತ್ಪ್ರೇಕ್ಷೆಯಲ್ಲ.

ತಟ್ಟೆ ಸರಿಯಾಯಿತೆನ್ನಿ. ಈಗ ಮುಂಭಾಗದ ಭಾರ ಹೆಚ್ಚಿತು. ಸ್ಪ್ರಿಂಗಿಗೆ ಒಂದು ಬ್ಲೇಡು ಸೇರಿಸಬೇಕು. ಬ್ಲೇಡು ಸೇರಿಸಿದರೆ ಸ್ಟೀರಿಂಗ್ ಗಟ್ಟಿ. ಯುದ್ಧಕಾಲದ ಜೀಪಿನ 6 ವೋಲ್ಟಿನ ಬ್ಯಾಟರಿ ಡೀಸೆಲ್ ಎಂಜಿನ್ನನ್ನು ತಿರುಗಿಸಲಾರದು. 12 ವೋಲ್ಟಿನದು ಮತ್ತು ದೊಡ್ಡ ಸ್ಟಾರ್ಟರ್ ಬೇಕು. ಒಂದನ್ನು ಬದಲಿಸಿದರೆ ಪಕ್ಕದ್ದು ಕೈ ಎತ್ತುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಹಲ್ಲುಚಕ್ರದ ಲೆಕ್ಕ. ಆ ಕಾಲದ ಸಿವಿಲ್ ಜೀಪಿನ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಅಂದರೆ ಗಾಲಿ ಒಂದು ಸುತ್ತು ಬರಲು ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ನಿಮಿಷಕ್ಕೆ 4,000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿಗೆ ಇದು ಸರಿ. ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ 2,000ದ ಆಸುಪಾಸಿಗೇ ಸುಸ್ತು. ಲೆಕ್ಕ ಹಾಕಿ ನೋಡಿದರೆ ಟಾಪ್ ಗೇರಿನಲ್ಲೂ ಗಾಡಿ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಎಸ್ಟೇಟಿನೊಳಗೆ ಅಷ್ಟು ಸಾಕು. ಕಾಫಿ ಮೂಟೆ ಹೇರಿಕೊಂಡು ಹಾಸನದ ತನಕ ಹೋಗುವವನಿಗೆ ಸಾಲದು. ಆಗ ಕ್ರೌನ್–ಪಿನಿಯನ್ ಬದಲಿಸಬೇಕು. ಹಿಂದಿನದನ್ನು ಮಾತ್ರ ಬದಲಿಸಿದರೆ ಕೆಟ್ಟಿತು! ಫೋರ್‌ವೀಲ್ ಹಾಕಿದಾಗ ಮುಂದಿನ ಗಾಲಿ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಬಯಸಿ ಶಾಫ್ಟಿನ ಜಾಯಿಂಟೋ ಗೇರೋ ಮುರಿಯುತ್ತದೆ. ಹಿಂದೆ ದೊಡ್ಡ ಟೈರು, ಮುಂದೆ ಸಣ್ಣದು ಹಾಕಿದರೂ ಅದೇ ಕಥೆ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಬೇಡಿ ಎಂದು ಹಳೆಯ ಡ್ರೈವರುಗಳು ಬೈಯುವುದು ಇದಕ್ಕೇ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನ ಮೇಲೆ ಹೋಗುವುದಿಲ್ಲ.

ಡೀಸೆಲ್ಲಿನ ಜೀವ ಇರುವುದು ಅದರ ಪಂಪಿನಲ್ಲಿ. ಇಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಜರ್ಮನಿಯ ಬಾಷ್ ತಂತ್ರಜ್ಞಾನದಲ್ಲಿ ಇಂಧನ ಪಂಪು, ನಾಜಲ್ ತಯಾರಿಸಿತು. ಪಂಪಿನೊಳಗಿನ ಪ್ಲಂಜರ್ ಮತ್ತು ಅದರ ಕೊಳವೆಯ ನಡುವಿನ ಸಂದು ಕೆಲವೇ ಮೈಕ್ರಾನ್. ಡೀಸೆಲ್ಲಿನಲ್ಲಿ ಬಂದ ಒಂದು ಕಣ ಮರಳು ಸಾಕು, ಗೀರು ಬೀಳಲು. ಹಾಗಾಗಿ ಸಣ್ಣ ಊರುಗಳಲ್ಲೂ ಪಂಪ್ ಕ್ಯಾಲಿಬ್ರೇಷನ್ ಅಂಗಡಿಗಳು ಹುಟ್ಟಿಕೊಂಡವು. ಟ್ಯಾಂಕ್ ಬರಿದಾಗಿ ಲೈನಿಗೆ ಗಾಳಿ ಹೊಕ್ಕರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯುವ ವಿದ್ಯೆ ಎಸ್ಟೇಟಿನ ಹುಡುಗರಿಗೂ ಬಂತು. ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಗ್ಯಾರೇಜಿನಲ್ಲಿ ಪಂಪಿನ ಹೆಸರು ಇಂದಿಗೂ ಮೈಕೋ.

ಕಂಪನಿಯೂ ಸುಮ್ಮನಿರಲಿಲ್ಲ. 1975ರಲ್ಲಿ ಮಹೀಂದ್ರ ಡೀಸೆಲ್ ಜೀಪು ತಂದಿತು. 1979ರಲ್ಲಿ ಫ್ರಾನ್ಸಿನ ಪೆಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಎಂಜಿನ್ನಿನ ಪರವಾನಗಿ ಪಡೆದು, 1981ರಲ್ಲಿ ಇಗತ್‌ಪುರಿಯಲ್ಲಿ ಕಾರ್ಖಾನೆ ತೆರೆಯಿತು. ನಾಲ್ಕು ಸಿಲಿಂಡರ್, ಒಂದೊಂದರ ಅಗಲ 90 ಮಿಲಿಮೀಟರ್. ಹೆಸರಿನ ಗುಟ್ಟು ಇಷ್ಟೇ. ಕಾರಿಗೆಂದು ರೂಪಿಸಿದ ಎಂಜಿನ್ ಆದ್ದರಿಂದ ಅದು 4,500 ಸುತ್ತು ತಿರುಗಬಲ್ಲದು. ಹಲ್ಲಿನ ಲೆಕ್ಕದ ತಲೆನೋವು ಬಹಳಷ್ಟು ಕಡಿಮೆಯಾಯಿತು.

ಜಬಲ್‌ಪುರದ ಸೇನಾ ಕಾರ್ಖಾನೆಯಲ್ಲಿ 1969ರಿಂದ 1999ರ ತನಕ ತಯಾರಾದ ಜೋಂಗಾದ ಕಥೆಯೂ ಇಂಥದ್ದೇ. ನಿಸಾನ್ ಮಾದರಿಯ ಆ ಗಾಡಿಯ ಪೆಟ್ರೋಲ್ ಎಂಜಿನ್ ನಾಲ್ಕು ಲೀಟರಿನದು. ಹರಾಜಿನಲ್ಲಿ ಕೊಂಡವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅದನ್ನು ಕಿತ್ತು ಡೀಸೆಲ್ ಕೂರಿಸುವುದು. ಹರಿಯಾಣದ ಡಬ್ವಾಲಿಯಲ್ಲಂತೂ ಹರಾಜಿನ ಬಿಡಿಭಾಗಗಳಿಂದ ಜೀಪು ಕಟ್ಟುವುದೇ ಊರಿನ ಕಸುಬಾಯಿತು.

ಇಷ್ಟರ ನಡುವೆ ಕಾನೂನು ಎಲ್ಲಿತ್ತು? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೂಲ ರೂಪದಲ್ಲಿ ಆರ್‌ಟಿಒ ಒಪ್ಪಿಗೆ ಪಡೆದು ಗಾಡಿಯನ್ನು ಮಾರ್ಪಡಿಸಬಹುದಿತ್ತು. 2000ದ ತಿದ್ದುಪಡಿ ಅದನ್ನು ತಿರುವಿಹಾಕಿತು. ತಯಾರಕರು ಹೇಳಿದ ವಿವರಕ್ಕೆ ಗಾಡಿ ಹೊಂದಿರಲೇಬೇಕು. ಇಂಧನ ಬದಲಾವಣೆಗೆ ಷರತ್ತಿನ ಮೇಲೆ ಮಾತ್ರ ಅವಕಾಶ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತವಾಗಿ ಎತ್ತಿಹಿಡಿಯಿತು. ಅಂದು ಒಪ್ಪಿಗೆ ಪಡೆದು ಪುಸ್ತಕದಲ್ಲಿ ‘ಡೀಸೆಲ್’ ಎಂದು ಬರೆಸಿಕೊಂಡವರಿಗೆ ದಾಖಲೆಯ ಆಸರೆಯಿದೆ. ಪುಸ್ತಕದಲ್ಲಿ ‘ಪೆಟ್ರೋಲ್’ ಎಂದೇ ಉಳಿಸಿಕೊಂಡವರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣದ ದಿನ ಎದೆ ಡವಡವ.

ಕಾನೂನನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. ಎಂಜಿನ್, ಸ್ಪ್ರಿಂಗ್, ತೊಟ್ಟಿ ಎಲ್ಲವನ್ನೂ ಹಿಗ್ಗಿಸಿದವರಲ್ಲಿ ಎಷ್ಟೋ ಜನ ಬ್ರೇಕಿನ ತಂಟೆಗೆ ಹೋಗಲಿಲ್ಲ. ಒಂಟಿ ಪೈಪಿನ ಹಳೆಯ ಡ್ರಮ್ ಬ್ರೇಕನ್ನೇ ನಂಬಿ ಮೂಟೆಯ ಮೇಲೆ ಕೂಲಿಯವರನ್ನು ಕೂರಿಸಿ ಘಾಟಿ ಇಳಿಸಿದರು. ಆದರೆ ಆ ಏರಿನ ಮೇಲಿನ ಮನೆಯಿಂದ ರೋಗಿಯನ್ನು ಆಸ್ಪತ್ರೆಗೆ ಇಳಿಸಿದ್ದೂ ಅದೇ ಜೀಪು. ಹೊಸ ಫೋರ್‌ವೀಲ್ ಪಿಕಪ್ಪಿನ ಬೆಲೆ ಎರಡು ಎಕರೆ ಕಾಫಿ ಇರುವವನ ಕೈಗೆ ಎಟುಕುವಂಥದ್ದಲ್ಲ. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್–6 ಡೀಸೆಲ್ ಎಂಜಿನ್ ಕೆಟ್ಟರೆ ಸ್ಪ್ಯಾನರಿಗೆ ಮೊದಲು ಕಂಪ್ಯೂಟರ್ ಬೇಕು.

ನವೀಕರಣಕ್ಕೆ ಹೋಗುವಾಗ ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಪದ್ಧತಿಯಿದೆ. ಎಂಜಿನ್ ಬದಲಾಗಿ, ಗೇರ್‌ಬಾಕ್ಸ್ ಬದಲಾಗಿ, ತಗಡು ಎರಡು ಮೂರು ಸಲ ಬದಲಾದ ಜೀಪಿನಲ್ಲಿ ಕಾರ್ಖಾನೆಯಿಂದ ಬಂದದ್ದೆಂದು ತೋರಿಸಲು ಕೊನೆಗೆ ಉಳಿಯುವುದು ಆ ಅಂಕಿಗಳಿರುವ ಗೇಣುದ್ದದ ಕಬ್ಬಿಣ. ತುಕ್ಕು ಹಿಡಿದ ಚಾಸಿಗೆ ಬೆಸುಗೆ ಹಾಕುವಾಗ ತಿಳಿದ ಮೇಸ್ತ್ರಿ ಮೊದಲು ಅಲ್ಲಿಗೆ ಗ್ರೀಸ್ ಬಳಿದು, ಮೇಲೊಂದು ತಗಡು ಕಟ್ಟಿ, ಆಮೇಲೆ ವೆಲ್ಡಿಂಗ್ ರಾಡ್ ಕೈಗೆತ್ತಿಕೊಳ್ಳುತ್ತಾನೆ.