ಹಾರ್ಲೆಮ್ಮಿನ ಕೆಳಬಾಗಿಲು

ಕೊಲಂಬಿಯಾ ವಿಶ್ವವಿದ್ಯಾಲಯ ಅಂದರೆ ನಮಗೆಲ್ಲ ಅಭಿಮಾನ. 1913ರಲ್ಲಿ ಬರೋಡದ ವಿದ್ಯಾರ್ಥಿವೇತನದ ಮೇಲೆ ಬಾಬಾಸಾಹೇಬರು ಓದಲು ಹೋದದ್ದು ಅಲ್ಲಿಗೆ. 1952ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ. ಇದನ್ನ ಸಭೆ ಸಭೆಯಲ್ಲೂ ಹೇಳ್ತೀವಿ, ಹೇಳಲೂಬೇಕು. ಆದರೆ ಅದೇ ವಿದ್ಯಾಮಂದಿರದ ಪಕ್ಕದ ಇಳಿಜಾರಿನಲ್ಲಿ ಹಾರ್ಲೆಮ್ ಅನ್ನೋ ಕಪ್ಪು ಜನರ ಕೇರಿ ಇದೆ. ಆ ದಿಬ್ಬಕ್ಕೂ ಈ ಕೇರಿಗೂ ನಡೆದ ಜಗಳದ ಚರಿತ್ರೆ ನಮ್ಮ ಬಾಯಲ್ಲಿ ಬರೋದೇ ಇಲ್ಲ.

ಕೊಲಂಬಿಯಾ ಮಾರ್ನಿಂಗ್‌ಸೈಡ್ ದಿಬ್ಬಕ್ಕೆ ಬಂದದ್ದು 1897ರಲ್ಲಿ. ದಿಬ್ಬಕ್ಕೂ ಹಾರ್ಲೆಮ್ಮಿಗೂ ನಡುವೆ ಕಡಿದಾದ ಒಂದು ಸಾರ್ವಜನಿಕ ಉದ್ಯಾನ. 1960ರ ದಶಕದಲ್ಲಿ ವಿಶ್ವವಿದ್ಯಾಲಯ ಸುತ್ತಲ ಕಟ್ಟಡಗಳನ್ನ ಕೊಳ್ಳುತ್ತಾ, ಬಾಡಿಗೆಗಿದ್ದ ಬಡವರನ್ನ ಒಕ್ಕಲೆಬ್ಬಿಸುತ್ತಾ ಹೋಯ್ತು. ಜೊತೆಗೇ ಉದ್ಯಾನದ ಎರಡು ಎಕರೆಯನ್ನ ವರ್ಷಕ್ಕೆ ಬರೀ 3,000 ಡಾಲರಿಗೆ ಹಿಡಿದು ವ್ಯಾಯಾಮಶಾಲೆ ಕಟ್ಟಲು ಹೊರಟಿತು. ಮೇಲಿನ ಬಾಗಿಲು ವಿದ್ಯಾರ್ಥಿಗಳಿಗೆ. ಇಳಿಜಾರಿನ ಬುಡದಲ್ಲಿ ಬೇರೆ ಬಾಗಿಲು ಹಾರ್ಲೆಮ್ಮಿನವರಿಗೆ. ಒಳಗೆ ಅವರ ಪಾಲು ಐದರಲ್ಲಿ ಒಂದು ಭಾಗವೂ ಇಲ್ಲ. ಹಳ್ಳಿ ಹೋಟೆಲಿನ ಹೊರಗೆ ಚಿಪ್ಪಿನಲ್ಲಿ ಟೀ ಕುಡಿದವರ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕೇ?

1968ರ ಏಪ್ರಿಲ್ 23ರಂದು ವಿದ್ಯಾರ್ಥಿಗಳು ಸಿಡಿದೆದ್ದರು. ಯುದ್ಧದ ಸಂಶೋಧನೆ ನಿಲ್ಲಲಿ, ವ್ಯಾಯಾಮಶಾಲೆ ನಿಲ್ಲಲಿ ಅಂತ ಕಟ್ಟಡಗಳನ್ನ ಹಿಡಿದು ಕೂತರು. ಹ್ಯಾಮಿಲ್ಟನ್ ಹಾಲನ್ನ ಕಪ್ಪು ವಿದ್ಯಾರ್ಥಿಗಳು ಹಿಡಿದರೆ ಹಾರ್ಲೆಮ್ಮಿನ ಜನ ಬೆನ್ನಿಗೆ ನಿಂತರು. ಒಂದು ವಾರದ ನಂತರ ಪೊಲೀಸರು ನುಗ್ಗಿ 700ಕ್ಕೂ ಹೆಚ್ಚು ಜನರನ್ನ ಬಂಧಿಸಿದರು. ಆದರೂ ವ್ಯಾಯಾಮಶಾಲೆ ಏಳಲಿಲ್ಲ. ಅಗೆದ ಗುಂಡಿ ಇವತ್ತು ಆ ಉದ್ಯಾನದ ಕೊಳ.

ಸೋತವರು ಪಾಠ ಕಲಿತರು. 2003ರಲ್ಲಿ ಬಂದ ಹೊಸ ಯೋಜನೆಯ ಭಾಷೆಯೇ ಬೇರೆ: ವಿಜ್ಞಾನ, ಸಂಶೋಧನೆ, ಉದ್ಯೋಗ. ಪಶ್ಚಿಮ ಹಾರ್ಲೆಮ್ಮಿನ ಮ್ಯಾನ್‌ಹಟನ್‌ವಿಲ್‌ನಲ್ಲಿ 17 ಎಕರೆ ಬೇಕು ಅಂದರು. ಸ್ಥಳೀಯರ ಸಮುದಾಯ ಮಂಡಳಿ ತನ್ನದೇ ಯೋಜನೆ ಬರೆದು, 2007ರಲ್ಲಿ ವಿಶ್ವವಿದ್ಯಾಲಯದ ಯೋಜನೆಯನ್ನ ಭಾರೀ ಬಹುಮತದಿಂದ ತಿರಸ್ಕರಿಸಿತು. ಅದರ ಮಾತು ಬರೀ ಸಲಹೆ; ಅದೇ ಡಿಸೆಂಬರಿನಲ್ಲಿ ನಗರಸಭೆ ಒಪ್ಪಿಗೆ ಕೊಟ್ಟಿತು. ಜಾಗ ಬಿಡದವರ ಮೇಲೆ ಸರ್ಕಾರದ ಭೂಸ್ವಾಧೀನದ ಕತ್ತಿ ಬಂತು. ಅದಕ್ಕೆ ಕೊಟ್ಟ ಕಾರಣ: ಇದು ಹಾಳುಬಿದ್ದ ಪ್ರದೇಶ. ಅಲ್ಲಿನ ಹೆಚ್ಚಿನ ಆಸ್ತಿ ಅಷ್ಟರಲ್ಲಾಗಲೇ ಕೊಲಂಬಿಯಾದ ಕೈಯಲ್ಲೇ ಇತ್ತು. ಹಾಗಾದರೆ ಹಾಳು ಬೀಳಿಸಿದವರು ಯಾರು? ಉಗ್ರಾಣದ ಮಾಲೀಕರೂ ಪೆಟ್ರೋಲ್ ಬಂಕಿನ ಸಿಖ್ ಕುಟುಂಬವೂ ಕೋರ್ಟಿಗೆ ಹೋಗಿ 2009ರಲ್ಲಿ ಗೆದ್ದರು. 2010ರ ಜೂನ್‌ನಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ ಅದನ್ನ ತಿರುಗಿಸಿತು.

ಕೇರಿಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತೆ. 2009ರ ಮೇನಲ್ಲಿ 15 ಕೋಟಿ ಡಾಲರಿನ ಒಪ್ಪಂದವಾಯ್ತು: 7.6 ಕೋಟಿ ಸಮುದಾಯ ನಿಧಿಗೆ, 3 ಕೋಟಿ ಸರ್ಕಾರಿ ಶಾಲೆಗೆ, 2 ಕೋಟಿ ಬಡವರ ವಸತಿಗೆ, ಉಳಿದದ್ದು ಸೇವೆ, ಕಾನೂನು ನೆರವು ಇತ್ಯಾದಿಗೆ. ಇದು ಹೋರಾಟದ ಹೆದರಿಕೆಯಿಂದ ಹುಟ್ಟಿದ ದುಡ್ಡು, ದಾನವಲ್ಲ. ಆದರೆ ಅಂತಿಮ ಸಹಿ ಬಿದ್ದದ್ದು ಯಾವಾಗ? ನಗರಸಭೆಯ ಒಪ್ಪಿಗೆ ಸಿಕ್ಕಿ ವರ್ಷ ದಾಟಿದ ಮೇಲೆ. ನೆಲ ಕೈಬಿಟ್ಟ ಮೇಲೆ ಚೌಕಾಶಿಗೆ ಬಲ ಎಲ್ಲಿಂದ ಬರಬೇಕು? ಹಣ ಹಂಚಲು ಹುಟ್ಟಿದ ಸಂಸ್ಥೆಯ ಲೆಕ್ಕದ ಮೇಲೇ ಆಮೇಲೆ ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸಬೇಕಾಯ್ತು. 2017ರಲ್ಲಿ ಮೆದುಳಿನ ಸಂಶೋಧನೆಯ ಗಾಜಿನ ಕಟ್ಟಡ ಬಾಗಿಲು ತೆರೆಯಿತು. ನೆಲಮಾಳಿಗೆಯಿಂದ ಜನರನ್ನ ನೂಕುವ ಕೆಲಸ ಈಗ ಬಾಗಿಲು ಮಾಡೋದಿಲ್ಲ, ಬಾಡಿಗೆ ಮಾಡುತ್ತೆ.

ವಿದ್ಯೆ ಬೇಡ ಅನ್ನೋದು ನಮ್ಮ ವಾದವಲ್ಲ. ವಿದ್ಯೆಯಿಂದಲೇ ನಾವು ತಲೆ ಎತ್ತಿದವರು. ಆದರೆ ನಾಳೆ ನಮ್ಮ ಊರಿನ ಮಗ್ಗುಲಿಗೆ ವಿಶ್ವವಿದ್ಯಾಲಯದ ವಿಜ್ಞಾನ ಪಾರ್ಕು ಬಂದರೆ ಕೇರಿಯ ಕಟ್ಟೆಯ ಮೇಲೆ ಕೂತು ಮೊದಲೇ ಕೇಳೋಣ: ನೆಲ ಯಾರದು, ಸಹಿ ಹಾಕುವವರನ್ನ ಆರಿಸಿದವರು ಯಾರು, ಲೆಕ್ಕ ಕೊಡೋದು ಯಾರಿಗೆ, ನಮ್ಮ ಮಕ್ಕಳು ಒಳಗೆ ಹೋಗೋದು ಪೊರಕೆ ಹಿಡಿದೋ ಪುಸ್ತಕ ಹಿಡಿದೋ? ಉತ್ತರ ಕಾಗದದ ಮೇಲೆ ಬರುವ ತನಕ ಯಾರೂ ಹೆಬ್ಬೆಟ್ಟು ಒತ್ತಬಾರದು.