ನಕ್ಷತ್ರಲೋಕದ ಕಪಟ ಗುರುಗಳು

ಎಚ್. ಜಿ. ವೆಲ್ಸ್ ಅವರ 'ದಿ ಐಲ್ಯಾಂಡ್ ಆಫ್ ಡಾಕ್ಟರ್ ಮೊರೊ' ಪ್ರಕಟವಾದದ್ದು 1896ರಲ್ಲಿ. ಮೊರೊ ಎಂಬ ವಿಜ್ಞಾನಿ ಒಂದು ದ್ವೀಪದಲ್ಲಿ ಕುಳಿತು ಮೃಗಗಳನ್ನು ಕೊಯ್ದು, ಹೊಲಿದು, ಮನುಷ್ಯರೂಪಕ್ಕೆ ತಂದಿದ್ದಾನೆ. ನಾಲ್ಕು ಕಾಲಲ್ಲಿ ನಡೆಯಬಾರದು, ಮಾಂಸ ಮುಟ್ಟಬಾರದು ಎಂಬಂಥ ಕಟ್ಟಳೆಗಳನ್ನು ಆ ಜೀವಿಗಳು ದಿನವೂ ಒಟ್ಟಾಗಿ ಪಠಿಸುತ್ತವೆ. ಒಂದು ದಿನ ಮೊರೊ ಸಾಯುತ್ತಾನೆ. ಇನ್ನು ಕಟ್ಟಳೆ ಉಂಟೋ ಇಲ್ಲವೋ ಎಂದು ಅವು ಕೇಳುತ್ತವೆ. ಆಗ ಪ್ರೆಂಡಿಕ್ ಎಂಬವನು ಆಕಾಶದತ್ತ ಕೈ ತೋರಿಸಿ, ಒಡೆಯ ಸತ್ತಿಲ್ಲ, ದೇಹ ಬದಲಿಸಿದ್ದಾನೆ, ಮೇಲಿಂದ ನೋಡುತ್ತಿದ್ದಾನೆ ಎನ್ನುತ್ತಾನೆ. ಇವನು ಹಕ್ಸ್ಲಿ ಅವರ ಬಳಿ ಜೀವಶಾಸ್ತ್ರ ಓದಿದವನು. ತಾನು ಹೇಳುತ್ತಿರುವುದು ಸುಳ್ಳೆಂದು ಅವನಿಗೆ ಗೊತ್ತು. ಜೀವಭಯದಿಂದ ಹೇಳಿದ ಆ ಒಂದು ಮಾತಿನಿಂದ ಅಲ್ಲಿ ಒಂದು ಮತ ಹುಟ್ಟುತ್ತದೆ.

ವಿಜ್ಞಾನ ಕಥಾಸಾಹಿತ್ಯದಲ್ಲಿ ಕಪಟ ಗುರುವಿನ ವಂಶಾವಳಿಯನ್ನು ಇಲ್ಲಿಂದ ಬರೆಯುತ್ತಾ ಬರಬಹುದು. ನೂರಿಪ್ಪತ್ತು ವರ್ಷಕ್ಕೂ ಮೀರಿದ ಈ ಹಾದಿಯಲ್ಲಿ ಲೇಖಕರ ಪ್ರಶ್ನೆ ನಿಧಾನವಾಗಿ ಬದಲಾಗಿದೆ. ಪವಾಡ ನಡೆಸಿದ್ದು ಹೇಗೆ ಎಂಬುದು ಮೊದಲಿನವರ ಕುತೂಹಲ. ನಂಬಿದವರ ಬದುಕು ಏನಾಯಿತು ಎಂಬುದು ಆಮೇಲೆ ಬಂದವರದು. ಈ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೇಲೆಯೇ ಈ ಸಾಹಿತ್ಯ ಪ್ರೌಢವಾಯಿತು ಎಂದು ನಾನು ನಂಬುತ್ತೇನೆ.

1940ರ ದಶಕದ ಅಮೆರಿಕದಲ್ಲಿ ಈ ವಸ್ತುವಿಗೆ ಮನೆಯಾದದ್ದು ಜಾನ್ ಡಬ್ಲ್ಯೂ. ಕ್ಯಾಂಬೆಲ್ ಸಂಪಾದಿಸುತ್ತಿದ್ದ 'ಅಸ್ಟೌಂಡಿಂಗ್' ಮಾಸಪತ್ರಿಕೆ. ರಾಬರ್ಟ್ ಹೈನ್‌ಲೈನ್ ಅವರ 'ಇಫ್ ದಿಸ್ ಗೋಸ್ ಆನ್' 1940ರಲ್ಲಿ ಅಲ್ಲೇ ಧಾರಾವಾಹಿಯಾಗಿ ಬಂತು. ನೆಹೆಮಾಯ ಸ್ಕಡರ್ ಎಂಬ ಹಳ್ಳಿಗಾಡಿನ ಬೋಧಕ ಅಧ್ಯಕ್ಷ ಪದವಿಗೇರಿ, ಚುನಾವಣೆಗಳನ್ನೇ ನಿಲ್ಲಿಸಿ, ಪ್ರವಾದಿಗಳ ಆಳ್ವಿಕೆಗೆ ತಳಪಾಯ ಹಾಕುತ್ತಾನೆ. ಕಥೆ ನಡೆಯುವುದು ಅವನ ಉತ್ತರಾಧಿಕಾರಿಗಳ ಕಾಲದಲ್ಲಿ. ವರ್ಷಕ್ಕೊಮ್ಮೆ ಸ್ಕಡರ್‌ನ ಆತ್ಮ ಈಗಿನ ಪ್ರವಾದಿಯ ಮೈಮೇಲೆ ಇಳಿಯುವ ಪವಾಡವನ್ನು ದೂರದರ್ಶನದಲ್ಲಿ ತೋರಿಸುತ್ತಾರೆ. ಬಂಡುಕೋರರು ಆ ಪ್ರಸಾರವನ್ನು ವಶಪಡಿಸಿಕೊಂಡು ತಮ್ಮದೇ ನಟನನ್ನು ಸ್ಕಡರ್ ಆಗಿ ನಿಲ್ಲಿಸುತ್ತಾರೆ. ಮೋಸವನ್ನು ಉರುಳಿಸಲು ಮತ್ತೊಂದು ಮೋಸ. ಹೈನ್‌ಲೈನ್‌ರಿಗೆ ಇದರಲ್ಲಿ ಅಳುಕು ಇದ್ದಿರಬೇಕು. ಮುಂದೆ ಪುಸ್ತಕಕ್ಕಾಗಿ ತಿದ್ದಿದ ಪಾಠದಲ್ಲಿ, ಜನರ ಮನಸ್ಸನ್ನು ತಂತ್ರದಿಂದ ಸ್ವಾತಂತ್ರ್ಯಕ್ಕೆ ಒಗ್ಗಿಸಿಬಿಡೋಣ ಎಂಬ ಸಲಹೆ ಬಂದಾಗ ಮುದುಕನೊಬ್ಬ ಎದ್ದು ನಿಂತು ವಿರೋಧಿಸುತ್ತಾನೆ. ಸ್ಕಡರ್ ಅಧಿಕಾರಕ್ಕೆ ಬಂದ ಕಥೆಯನ್ನು ಮಾತ್ರ ಅವರು ಬರೆಯಲೇ ಇಲ್ಲ. ಆ ಮನುಷ್ಯನ ಬಗ್ಗೆ ತಮಗೆ ತೀರಾ ಅಸಹ್ಯ ಎಂದು ಕಾರಣ ಕೊಟ್ಟರು. ನನಗೆ ಇದೊಂದು ದೊಡ್ಡ ನಷ್ಟವೆನಿಸುತ್ತದೆ. ಜನ ಅವನಿಗೆ ಮತ ಹಾಕಿದ್ದು ಏಕೆ ಎಂಬುದೇ ತಿಳಿಯಬೇಕಾದ ಸಂಗತಿಯಾಗಿತ್ತು.

ಐಸಾಕ್ ಅಸಿಮೋವ್ 1942ರಲ್ಲಿ ಅದೇ ಪತ್ರಿಕೆಗೆ ಬರೆದ 'ಫೌಂಡೇಶನ್' ಕಥೆಗಳಲ್ಲಿ ಮೋಸ ಇನ್ನೂ ತಣ್ಣಗಿದೆ. ಟರ್ಮಿನಸ್ ಎಂಬ ಪುಟ್ಟ ಗ್ರಹಕ್ಕೆ ಸೈನ್ಯವಿಲ್ಲ, ಪರಮಾಣು ವಿದ್ಯೆ ಇದೆ. ಅದರ ಮೇಯರ್ ಸಾಲ್ವರ್ ಹಾರ್ಡಿನ್ ಆ ವಿದ್ಯೆಯನ್ನು ಧರ್ಮದ ಹೊದಿಕೆಯಲ್ಲಿ ನೆರೆ ರಾಜ್ಯಗಳಿಗೆ ಕೊಡುತ್ತಾನೆ. ವಿದ್ಯುತ್ ಸ್ಥಾವರ ದೇವಾಲಯವಾಗುತ್ತದೆ, ತಂತ್ರಜ್ಞ ಅರ್ಚಕನಾಗುತ್ತಾನೆ. ಅನಾಕ್ರಿಯಾನ್ ರಾಜ್ಯ ಯುದ್ಧಕ್ಕೆ ಹೊರಟಾಗ ಅರ್ಚಕ ಥಿಯೊ ಅಪೊರಾಟ್ ಯುದ್ಧನೌಕೆಗೆ ಶಾಪ ಹಾಕುತ್ತಾನೆ, ಮರುಕ್ಷಣ ನೌಕೆಯ ದೀಪಗಳೆಲ್ಲ ಆರುತ್ತವೆ, ಸೈನಿಕರು ದಂಗೆಯೇಳುತ್ತಾರೆ. ಇಲ್ಲಿ ಗಮನಿಸಬೇಕಾದವನು ಅಪೊರಾಟ್. ಅವನು ವಂಚಕನಲ್ಲ, ತನ್ನ ಶಾಪಕ್ಕೆ ಶಕ್ತಿಯಿದೆ ಎಂದು ಮನಸಾರೆ ನಂಬಿದವನು. ವಂಚನೆಯ ನಕ್ಷೆ ದೂರದ ಟರ್ಮಿನಸ್‌ನಲ್ಲಿದೆ, ಅದನ್ನು ನಡೆಸುವ ಕೈಗಳು ಪ್ರಾಮಾಣಿಕವಾಗಿವೆ. ಸಂಸ್ಥೆಯಾಗಿ ಬೆಳೆದ ಮೋಸ ನಡೆಯುವುದು ಹೀಗೆಯೇ. ಇಷ್ಟು ಕಂಡ ಅಸಿಮೋವ್ ಅಪೊರಾಟ್‌ನ ಒಳಗನ್ನು ಮಾತ್ರ ಹೊಕ್ಕು ನೋಡಲಿಲ್ಲ. 1944ರ ಕಥೆಯಲ್ಲಿ ಧರ್ಮದ ಕೆಲಸ ಮುಗಿಯಿತು, ಇನ್ನು ವ್ಯಾಪಾರ ಎಂದು ಮುಂದೆ ನಡೆದುಬಿಟ್ಟರು. ಫ್ರಿಟ್ಸ್ ಲೈಬರ್ ಅವರ 'ಗ್ಯಾದರ್, ಡಾರ್ಕ್‌ನೆಸ್!' (1943) ಇದೇ ಜಾಡಿನದು. ವಿಜ್ಞಾನಿ ಪುರೋಹಿತರ ವಿರುದ್ಧ ಬಂಡುಕೋರರು ವಿಜ್ಞಾನದಿಂದಲೇ ಮಾಟಮಂತ್ರ ನಡೆಸುತ್ತಾರೆ. ಆರಂಭದಲ್ಲೇ ಒಬ್ಬ ಕಿರಿಯ ಪುರೋಹಿತ ಜನರ ಮುಂದೆ ಎಲ್ಲವೂ ಬೂಟಾಟಿಕೆ ಎಂದು ಕೂಗಿ ಹೇಳಿದರೂ ಜನ ಅವನ ಹಿಂದೆ ಏಳುವುದಿಲ್ಲ. ಆ ಕಾಲದ ಮಟ್ಟಿಗೆ ಇದು ದೊಡ್ಡ ಒಳನೋಟ.

ಅಷ್ಟರಲ್ಲಿ ಬದುಕು ಕಥೆಯ ಬಾಗಿಲಿಗೇ ಬಂತು. 1950ರ ಮೇ ತಿಂಗಳ 'ಅಸ್ಟೌಂಡಿಂಗ್' ಸಂಚಿಕೆಯಲ್ಲಿ, ಅದೇ ಪತ್ರಿಕೆಗೆ ಕಥೆ ಬರೆಯುತ್ತಿದ್ದ ಎಲ್. ರಾನ್ ಹಬಾರ್ಡ್ ಅವರ ಡಯನೆಟಿಕ್ಸ್ ಕುರಿತ ಲೇಖನ ಪ್ರಕಟವಾಯಿತು. ಅದು ಮನಸ್ಸಿನ ವಿಜ್ಞಾನ ಎಂದು ಹೇಳಿಕೊಂಡ ಚಿಕಿತ್ಸಾ ವಿಧಾನ. ಕ್ಯಾಂಬೆಲ್ ಅದರ ಹುರುಪಿನ ಪ್ರಚಾರಕರಾದರು. ಪ್ರಸಿದ್ಧ ಲೇಖಕ ಎ. ಇ. ವಾನ್ ವೋಟ್ ಕ್ಯಾಲಿಫೋರ್ನಿಯಾದಲ್ಲಿ ಅದರ ಕೇಂದ್ರವನ್ನು ನಡೆಸಿದರು. 1953ರ ಡಿಸೆಂಬರಿನಲ್ಲಿ ಸೈಂಟಾಲಜಿ ಚರ್ಚ್ ನೋಂದಣಿಯಾಯಿತು. 1978ರಲ್ಲಿ ಫ್ರಾನ್ಸಿನ ನ್ಯಾಯಾಲಯ ಹಬಾರ್ಡ್ ಅವರ ಗೈರುಹಾಜರಿಯಲ್ಲಿ ವಂಚನೆಯ ಅಪರಾಧಕ್ಕೆ ಶಿಕ್ಷೆ ವಿಧಿಸಿತು. 1993ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಆ ಚರ್ಚಿಗೆ ಧಾರ್ಮಿಕ ಸಂಸ್ಥೆಯ ವಿನಾಯಿತಿಯನ್ನು ಮರಳಿ ಕೊಟ್ಟಿತು. ಪುರೋಹಿತಶಾಹಿಯ ಮುಖವಾಡ ಕಳಚುವ ಕಥೆಗಳನ್ನು ತಿಂಗಳು ತಿಂಗಳು ಅಚ್ಚು ಹಾಕಿದ ಸಂಪಾದಕನೇ ಇಂಥದೊಂದು ಚಳವಳಿಯ ಮೊದಲ ಸಾಲಿನಲ್ಲಿ ನಿಂತದ್ದು ಈ ಸಾಹಿತ್ಯದ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ವಿಜ್ಞಾನದ ಮಾತು ಬಲ್ಲವರಿಗೆ ಮೋಸ ತಾಗದು ಎಂಬ ಭರವಸೆ ಅಲ್ಲಿಗೆ ಮುರಿಯಿತು.

ಅರವತ್ತರ ದಶಕದ ಲೇಖಕರಲ್ಲಿ ಆ ಭರವಸೆ ಕಾಣುವುದಿಲ್ಲ. ಹೈನ್‌ಲೈನ್ ಅವರೇ 1961ರ 'ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್'ನಲ್ಲಿ, ಜೂಜಿನ ಯಂತ್ರಗಳನ್ನು ಒಳಗೇ ಇಟ್ಟುಕೊಂಡ ಫಾಸ್ಟರೈಟ್ ಚರ್ಚನ್ನು ಚಿತ್ರಿಸಿದರು. ಕಥಾನಾಯಕ ಅದರ ತಂತ್ರಗಳನ್ನು ಕಲಿತೇ ತನ್ನ ಮತ ಕಟ್ಟುತ್ತಾನೆ. ಆ ಕಲ್ಪಿತ ಮತದ ಹೆಸರಿನಲ್ಲೇ ಅಮೆರಿಕದ ಕೆಲವು ಓದುಗರು ನಿಜವಾದ ಸಂಘವೊಂದನ್ನು ಸ್ಥಾಪಿಸಿದರು. ಕರ್ಟ್ ವಾನೆಗಟ್ ಅವರ 'ಕ್ಯಾಟ್ಸ್ ಕ್ರೇಡಲ್' (1963) ಇನ್ನೂ ಆಳಕ್ಕೆ ಇಳಿಯಿತು. ಬೊಕೊನನ್ ತನ್ನ ಬೋಧನೆಯೆಲ್ಲ ಸುಳ್ಳು ಎಂದು ಮೊದಲೇ ಹೇಳಿಬಿಡುವ ಗುರು. ಸ್ಯಾನ್ ಲೊರೆಂಜೊ ದ್ವೀಪದ ಬಡತನ ನೀಗಿಸಲು ಆಗದೆ, ಜನರಿಗೆ ಸಹನೀಯವಾದ ಸುಳ್ಳನ್ನಾದರೂ ಕೊಡೋಣ ಎಂದು ಅವನು ಮತ ಹುಟ್ಟಿಸುತ್ತಾನೆ. ಅದಕ್ಕೆ ರುಚಿ ಬರಲೆಂದು ತನ್ನ ಮತವನ್ನು ನಿಷೇಧಿಸುವಂತೆ ಆಳುವ ಗೆಳೆಯನನ್ನೇ ಕೇಳಿಕೊಳ್ಳುತ್ತಾನೆ. ಓದುಗರಿಗೆ ಅವನ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಕೊನೆಗೆ ಒಂದು ಅನಾಹುತದಲ್ಲಿ ಜಗತ್ತಿನ ನೀರೆಲ್ಲ ಹೆಪ್ಪುಗಟ್ಟಿದ ಮೇಲೆ ಬದುಕುಳಿದವರು ಅವನ ಬಳಿ ಬಂದು, ದೇವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತಾರೆ. ನೀವು ಸಾಯುವುದೇ ಲೇಸು ಎಂದು ಅವನು ಹೇಳುತ್ತಾನೆ. ಸಾವಿರಾರು ಜನ ಹಾಗೆಯೇ ಮಾಡುತ್ತಾರೆ. ಸುಳ್ಳೆಂದು ಒಪ್ಪಿಕೊಂಡ ಮಾತ್ರಕ್ಕೆ ಗುರುವಿನ ಹೊಣೆ ಕಳೆಯುವುದಿಲ್ಲ ಎಂಬುದನ್ನು ಇಷ್ಟು ಕಠೋರವಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ.

ರೋಜರ್ ಜೆಲಾಜ್ನಿ ಅವರ 'ಲಾರ್ಡ್ ಆಫ್ ಲೈಟ್' (1967) ನಮ್ಮ ಓದುಗರು ತುಸು ಇರಿಸುಮುರಿಸಿನಿಂದಲೇ ಕೈಗೆತ್ತಿಕೊಳ್ಳುವ ಕಾದಂಬರಿ. 'ಸ್ಟಾರ್ ಆಫ್ ಇಂಡಿಯಾ' ಎಂಬ ನೌಕೆಯಲ್ಲಿ ದೂರದ ಗ್ರಹಕ್ಕೆ ಬಂದ ಮೊದಲಿಗರು ಹಿಂದೂ ದೇವತೆಗಳ ಹೆಸರು ತೊಟ್ಟು, ತಮ್ಮ ಪ್ರಯಾಣಿಕರ ಸಂತತಿಯನ್ನೇ ಆಳುತ್ತಿದ್ದಾರೆ. ದೇಹದಿಂದ ದೇಹಕ್ಕೆ ದಾಟುವ ಯಂತ್ರ ಅವರ ಕೈಯಲ್ಲಿದೆ. ಕರ್ಮದ ಅಧಿಕಾರಿಗಳು ಪ್ರಜೆಯ ಮನಸ್ಸನ್ನು ಯಂತ್ರದಿಂದ ಶೋಧಿಸುತ್ತಾರೆ, ಎದುರುಮಾತಿನ ಸುಳಿವು ಸಿಕ್ಕರೆ ನಾಯಿಯ ದೇಹ ಕೊಡುತ್ತಾರೆ. ಪ್ರಾರ್ಥನೆಗೂ ನಾಣ್ಯ ಹಾಕುವ ಯಂತ್ರಗಳಿವೆ. ಯಾರಿಗೆ ಯಾವ ಜನ್ಮ ಎಂದು ತೀರ್ಮಾನಿಸುವ ಅಧಿಕಾರ ಕೆಲವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಜಾತಿಯನ್ನು ಬಲ್ಲ ನಮಗೆ ಅದು ಲೇಖಕ ಊಹಿಸಿದ್ದಕ್ಕಿಂತ ಹತ್ತಿರದಲ್ಲಿ ತಾಗುತ್ತದೆ.

ಈ ಹುಸಿ ದೇವರುಗಳನ್ನು ಉರುಳಿಸಲು ಅವರಲ್ಲೇ ಒಬ್ಬನಾದ ಸ್ಯಾಮ್ ಬುದ್ಧನ ವೇಷ ತೊಡುತ್ತಾನೆ. ಹಳೆಯ ಭೂಮಿಯ ಬೋಧನೆಯನ್ನು ಎರವಲು ತಂದು ಉಪದೇಶಿಸುತ್ತಾನೆ, ಅದರಲ್ಲಿ ಅವನಿಗೆ ನಂಬಿಕೆಯಿಲ್ಲ. ಅವನನ್ನು ಕೊಲ್ಲಲು ಕಾಳಿ ಕಳುಹಿಸಿದ ರಿಲ್ಡ್ ಎಂಬ ಹಂತಕ ದಾರಿಯಲ್ಲಿ ಕಾಯಿಲೆ ಬಿದ್ದು, ಸ್ಯಾಮ್‌ನ ಭಿಕ್ಷುಗಳ ಆರೈಕೆಯಲ್ಲಿ ಉಳಿದುಕೊಳ್ಳುತ್ತಾನೆ. ಉಪದೇಶ ಕೇಳುತ್ತಾ ಕೇಳುತ್ತಾ ನಿಜವಾಗಿಯೂ ಜ್ಞಾನಿಯಾಗುತ್ತಾನೆ. ಕೊನೆಗೆ ಯಮ ಬಂದಾಗ ಅವನನ್ನು ತಡೆದು ಹೋರಾಡಿ ಸಾಯುತ್ತಾನೆ. ಬುದ್ಧನಾದವನು ರಿಲ್ಡ್, ತಾನಲ್ಲ ಎಂದು ಸ್ಯಾಮ್ ತಾನೇ ಒಪ್ಪುತ್ತಾನೆ. ಕಪಟಿಯ ಬಾಯಿಂದ ಬಂದ ಮಾತು ಕೇಳಿದವನಲ್ಲಿ ಸತ್ಯವಾಗಿಬಿಟ್ಟರೆ ಆ ಮಾತನ್ನು ಮೋಸ ಎನ್ನುವುದು ಹೇಗೆ? ಜೆಲಾಜ್ನಿಗಿಂತ ಮೊದಲಿನವರು ಕೇಳದಿದ್ದ ಪ್ರಶ್ನೆ ಇದು.

ಮರುವರ್ಷ ಫಿಲಿಪ್ ಕೆ. ಡಿಕ್ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಬರೆದು ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದರು. ಹಾಳಾದ ಭೂಮಿಯಲ್ಲಿ ಉಳಿದ ಜನ ಒಂದು ಪೆಟ್ಟಿಗೆಯ ಹಿಡಿಗಳನ್ನು ಹಿಡಿದು, ವಿಲ್ಬರ್ ಮರ್ಸರ್ ಎಂಬ ಮುದುಕನೊಡನೆ ಗುಡ್ಡ ಹತ್ತುತ್ತಾರೆ, ಅವನಿಗೆ ಬೀಳುವ ಕಲ್ಲಿನೇಟಿನ ಗಾಯ ಅವರ ಮೈಮೇಲೂ ಮೂಡುತ್ತದೆ. ಆ ಗುಡ್ಡ ಬಣ್ಣ ಬಳಿದ ಪರದೆ, ಮರ್ಸರ್ ಕುಡುಕ ನಟ ಎಂದು ಟಿವಿಯಲ್ಲಿ ಸಾಕ್ಷಿ ಸಮೇತ ಬಯಲಾಗುತ್ತದೆ. ನಲವತ್ತರ ದಶಕದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಡಿಕ್ ಅವರ ಕಥೆಯಲ್ಲಿ ಇದಾದ ಮೇಲೂ ಮರ್ಸರ್ ಕಾಣಿಸಿಕೊಳ್ಳುತ್ತಾನೆ, ಟಿವಿಯಲ್ಲಿ ಹೇಳಿದ್ದೆಲ್ಲ ನಿಜ ಎನ್ನುತ್ತಾನೆ, ಆದರೂ ನೊಂದವನ ಕೈ ಹಿಡಿಯುತ್ತಾನೆ. ಬಯಲು ಮಾಡಿದವರು ಪರರ ನೋವು ತಟ್ಟದ ಆಂಡ್ರಾಯ್ಡ್‌ಗಳು. ಅವರು ಹೇಳಿದ್ದು ಸತ್ಯವೇ. ಆದರೆ ಪೆಟ್ಟಿಗೆ ಹಿಡಿದು ಕೂತ ಒಂಟಿ ಜನಕ್ಕೆ ಮರ್ಸರ್ ಏನಾಗಿದ್ದ ಎಂಬುದು ಅವರ ಅಳತೆಗೆ ಸಿಗಲಿಲ್ಲ.

ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಈ ದಶಕದ ಹೆಚ್ಚು ಪ್ರಸಿದ್ಧ ಕೃತಿ. ಬೆನೆ ಜೆಸೆರಿಟ್ ಎಂಬ ಸ್ತ್ರೀಸಂಘ ಗ್ರಹಗ್ರಹಗಳಲ್ಲಿ ಮೊದಲೇ ಭವಿಷ್ಯವಾಣಿಗಳನ್ನು ಬಿತ್ತಿಟ್ಟಿರುತ್ತದೆ, ಮುಂದೆಂದೋ ತಮ್ಮವರು ಆಪತ್ತಿನಲ್ಲಿ ಸಿಕ್ಕರೆ ಆ ಬೆಳೆ ಕೊಯ್ಯಲೆಂದು. ಮರುಭೂಮಿಯ ಫ್ರೆಮೆನ್ ಜನರ ನಡುವೆ ಪಾಲ್ ಮತ್ತು ಅವನ ತಾಯಿ ಜೆಸಿಕಾ ಬದುಕಿಕೊಳ್ಳುವುದು ಇದರಿಂದ. ಪಾಲ್‌ನ ಶಕ್ತಿ ಸುಳ್ಳಲ್ಲ, ಅವನನ್ನು ಕಾದಿದ್ದ ಸಿಂಹಾಸನ ಸುಳ್ಳು. 1969ರ 'ಡ್ಯೂನ್ ಮೆಸ್ಸಾಯ' ಹೊತ್ತಿಗೆ ಅವನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರು 6100 ಕೋಟಿ. ಡೆನಿ ವಿಲ್ನೆವ್ 2024ರಲ್ಲಿ ತೆರೆಗೆ ತಂದ ಎರಡನೆಯ ಭಾಗದಲ್ಲಿ ಪಾಲ್‌ನ ಸಂಗಾತಿ ಚಾನಿಯನ್ನು ಅಪನಂಬಿಕೆಯ ದನಿಯಾಗಿಸಿದರು. ಎಲ್ಲರೂ ಮಂಡಿಯೂರುವಾಗ ಅವಳು ಹೊರನಡೆಯುತ್ತಾಳೆ. ಕಾದಂಬರಿಯಲ್ಲಿ ಇಲ್ಲದ ಈ ಬದಲಾವಣೆ ನನಗೆ ಸರಿಯೆನಿಸಿತು.

ಕಿರುತೆರೆ ಬಹುಕಾಲ ಹಳೆಯ ದಾರಿಯಲ್ಲೇ ಇತ್ತು. 'ಸ್ಟಾರ್ ಟ್ರೆಕ್'ನ 1967ರ ಕಂತಿನಲ್ಲಿ ಲ್ಯಾಂಡ್ರು ಎಂಬ ದೇವಸಮಾನ ಗುರು ಕಂಪ್ಯೂಟರ್ ಎಂದು ಗೊತ್ತಾದೊಡನೆ ಎಲ್ಲವೂ ಸರಿಹೋಗುತ್ತದೆ. ಅದು ಬದಲಾಗಲು ಹೊರಗಿನ ಸಾವುಗಳು ಬೇಕಾದವೇನೋ. 1978ರಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. 1997ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆವನ್ಸ್ ಗೇಟ್ ಪಂಥದ 39 ಜನ, ಧೂಮಕೇತುವಿನ ಹಿಂದೆ ಬರುವ ನೌಕೆ ತಮ್ಮನ್ನು ಕರೆದೊಯ್ಯುತ್ತದೆ ಎಂದು ನಂಬಿ ಪ್ರಾಣ ಬಿಟ್ಟರು. ಅವರ ತೋಳುಪಟ್ಟಿಯ ಮೇಲೆ 'ಅವೇ ಟೀಮ್' ಎಂದಿತ್ತು, ಅದು 'ಸ್ಟಾರ್ ಟ್ರೆಕ್'ನ ನುಡಿ. ಮರುವರ್ಷ ಅದೇ ಬಳಗದ 'ಡೀಪ್ ಸ್ಪೇಸ್ ನೈನ್' ಸರಣಿಯ ಒಂದು ಕಂತಿನಲ್ಲಿ ಗುಲ್ ಡುಕಾಟ್ ಎಂಬ ಖಳ ಗುರುವಾಗಿ ಕಾಣಿಸಿಕೊಂಡ. ಭಕ್ತೆಗೆ ತನ್ನಿಂದಲೇ ಹುಟ್ಟಿದ ಮಗುವನ್ನು ಪವಾಡವೆಂದು ಸಾರುತ್ತಾನೆ. ಗುಟ್ಟು ಒಡೆಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ವಿಷದ ಗುಳಿಗೆ ನುಂಗೋಣ ಎನ್ನುತ್ತಾನೆ. ಗುಳಿಗೆಗಳು ನೆಲಕ್ಕೆ ಚೆಲ್ಲಿದಾಗ ತನ್ನ ವಿಷವಿಲ್ಲದ ಗುಳಿಗೆಗಾಗಿ ತಡಕಾಡಿ ಸಿಕ್ಕಿಬೀಳುತ್ತಾನೆ.

ಅದೇ 1998ರಲ್ಲಿ ಬಂದ ಆಕ್ಟೇವಿಯಾ ಬಟ್ಲರ್ ಅವರ 'ಪ್ಯಾರಬಲ್ ಆಫ್ ದಿ ಟ್ಯಾಲೆಂಟ್ಸ್' ಇವೆಲ್ಲಕ್ಕೂ ಮೇಲೆ ನಿಲ್ಲುತ್ತದೆ. ಬೋಧಕ ಜಾರೆಟ್ ಅಮೆರಿಕದ ಅಧ್ಯಕ್ಷನಾಗುತ್ತಾನೆ. ಅವನ ಅನುಯಾಯಿಗಳು ಲಾರೆನ್ ಒಲಮಿನಾ ಕಟ್ಟಿದ ಪುಟ್ಟ ಊರನ್ನು ಸೆರೆಮನೆ ಮಾಡಿ, ಜನರ ಕೊರಳಿಗೆ ನೋವುಣಿಸುವ ಪಟ್ಟಿ ತೊಡಿಸಿ, ಮಕ್ಕಳನ್ನು ಕಿತ್ತೊಯ್ಯುತ್ತಾರೆ. ಹೈನ್‌ಲೈನ್ ಬರೆಯದೆ ಬಿಟ್ಟ ಕಥೆಯನ್ನು, ಅದರ ಪೆಟ್ಟು ತಿನ್ನುವವರ ಕಡೆಯಿಂದ, ಕಪ್ಪು ಮಹಿಳೆಯೊಬ್ಬರು ಬರೆದರು. ಬಟ್ಲರ್ ಅಲ್ಲಿಗೂ ನಿಲ್ಲಲಿಲ್ಲ. ಒಲಮಿನಾ ಕೂಡ ಒಂದು ಮತದ ಸ್ಥಾಪಕಿ, ಪ್ರಾಮಾಣಿಕಳು, ತನ್ನವರನ್ನು ನಕ್ಷತ್ರಗಳತ್ತ ಕಳಿಸುವ ಕನಸಿನವಳು. ಕಥೆಗೆ ಚೌಕಟ್ಟು ಹಾಕುವವಳು ಅವಳಿಂದ ಕಸಿದುಕೊಂಡು ಹೋದ ಮಗಳು. ತಾಯಿ ತನಗಿಂತ ತನ್ನ ಮತವನ್ನೇ ಹೆಚ್ಚು ಪ್ರೀತಿಸಿದಳು ಎಂಬ ಕೊರಗು ಆ ಮಗಳನ್ನು ಬಿಡುವುದಿಲ್ಲ. ಕಪಟ ಗುರುವನ್ನು ಗುರುತಿಸುವುದು ಸುಲಭ. ನಿಜವಾದ ಗುರುವಿನ ಮನೆಯವರಿಗೂ ಗಾಯವಾಗುತ್ತದೆ ಎಂಬುದನ್ನು ಬರೆಯಲು ಬಟ್ಲರ್ ಬೇಕಾಯಿತು.

ಭಾರತದಲ್ಲಿ ಈ ವಸ್ತು ಬೆಳೆದದ್ದು ಹೆಚ್ಚಾಗಿ ನಗೆಯ ದಾರಿಯಲ್ಲಿ. ಪರಶುರಾಮ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ರಸಾಯನಶಾಸ್ತ್ರಜ್ಞ ರಾಜಶೇಖರ ಬಸು ಅವರ ಬಿರಿಂಚಿಬಾಬಾ, ತಾನು ಕಾಲಾತೀತ, ಪ್ರಾಚೀನರೊಡನೆ ಒಡನಾಡಿದವನು ಎನ್ನುತ್ತಾನೆ. ಸತ್ಯಜಿತ್ ರಾಯ್ ಇದನ್ನು 1965ರಲ್ಲಿ 'ಮಹಾಪುರುಷ್' ಚಿತ್ರವಾಗಿಸಿದರು. ಕರ್ನಾಟಕದಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಕಥೆಗಾರರು ಕಲ್ಪಿಸಿಕೊಂಡ ಪರೀಕ್ಷೆಯನ್ನು ಇಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ನಿಜವಾಗಿ ನಡೆಸಹೊರಟಿದ್ದರು.

ರಾಜ್‌ಕುಮಾರ್ ಹಿರಾನಿ ಅವರ 'ಪಿಕೆ' (2014) ಚಿತ್ರದಲ್ಲಿ ಬೇರೆ ಗ್ರಹದವನ ನೌಕೆಯ ರಿಮೋಟ್ ಕಳವಾಗಿ ತಪಸ್ವಿ ಮಹಾರಾಜನ ಕೈ ಸೇರುತ್ತದೆ. ಅದು ಶಿವನ ಡಮರುಗದಿಂದ ಉದುರಿದ ಮಣಿ ಎಂದು ಅವನು ಸಾರುತ್ತಾನೆ. ಅಸಿಮೋವ್ ಅವರ ಮೇಯರ್‌ಗೆ ಯಂತ್ರದ ಒಳಗುಟ್ಟು ಗೊತ್ತಿತ್ತು. ತಪಸ್ವಿಗೆ ಅದು ಯಂತ್ರವೆಂಬುದೇ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಅವನನ್ನು ಸೋಲಿಸುವುದು ಆ ರಿಮೋಟ್ ಅಲ್ಲ, ಒಂದು ಫೋನ್ ಕರೆ. ಪಾಕಿಸ್ತಾನದ ಹುಡುಗ ನಿನ್ನನ್ನು ವಂಚಿಸುತ್ತಾನೆ ಎಂದು ಅವನು ನುಡಿದಿದ್ದ ಭವಿಷ್ಯ ಹುಸಿಯೆಂದು, ಭಕ್ತನೊಬ್ಬನ ಮಗಳಿಗೆ ಟಿವಿ ಸ್ಟುಡಿಯೊದಲ್ಲೇ ತಿಳಿಯುತ್ತದೆ. ತಪಸ್ವಿಯ ಮಾತನ್ನು ನಂಬಿ ಮಗಳಿಂದ ದೂರವಾಗಿದ್ದ ಆ ತಂದೆಗೆ ಚಿತ್ರ ಕೊಟ್ಟದ್ದು ಕೆಲವೇ ದೃಶ್ಯಗಳನ್ನು. ಅವನನ್ನೇ ನಡುವೆ ನಿಲ್ಲಿಸುವ ವಿಜ್ಞಾನ ಕಾದಂಬರಿಯೊಂದು ಕನ್ನಡದಲ್ಲಿ ಬಂದರೆ ಮೊದಲು ಓದುವವರಲ್ಲಿ ನಾನೂ ಇರುತ್ತೇನೆ.